ಅಡಿಕೆ ಬೇಯಿಸುವ ಸೌದೆಯ ಖರೀದಿ: ಸಹಾಯ ಬೇಕು

ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಅಡಿಕೆ ಬೇಯಿಸಲು ಈ ವರ್ಷ ಹೊರಗಿನಿಂದ ಸೌದೆ ಕೊಳ್ಳಲೇಬೇಕಾಗಿದೆ. ಒಬ್ಬರು ಹಸಿ ಅಕೇಶಿಯಾವನ್ನು ಟನ್ ಲೆಕ್ಕದಲ್ಲಿ ಕಡಿಮೆ ದರಕ್ಕೆ ಕೊಡುತ್ತಾರೆ. ಆದರೆ ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರಬಹುದಾದ್ದರಿಂದ, ಆ ನೀರಿಗೂ ಹಣ ತೆತ್ತು, ಅದನ್ನು ಸಾಗಿಸಲು ಲಾರಿ ಬಾಡಿಗೆಯನ್ನೂ ತೆತ್ತು, ಒಣಗಿಸದೆ ಉರಿಸಿದರೆ ಒಲೆಯ ಶಾಖದ ಒಂದು ಪಾಲನ್ನೂ ಅದಕ್ಕೇ ಕಳೆದಂತಾಗುತ್ತದೆ. ಇನ್ನೊಬ್ಬರು ಒಣ ಸೌದೆಯನ್ನು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಮಾರುತ್ತಾರೆ; ಅಲ್ಲಿ ಸಡಿಲವಾಗಿ ಪೇರಿಸಿದರೆ ಗಾಳಿಗೇ ಬೆಲೆ ಕೊಟ್ಟಂತೆ (ಹಿಂದೊಮ್ಮೆ ನಮಗೆ ಹಾಗೆಯೇ ಆಗಿ ಬಹಳ ಬೇಸರವಾಗಿತ್ತು). ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ಒತ್ತಾದ ರಾಶಿ, ಅಂದರೆ 128 ಘನ ಅಡಿ ಒಣ ಅಕೇಶಿಯಾವನ್ನು ಯಾರಾದರೂ ತೂಗಿಸಿ ನೋಡಿದ್ದರೆ ದಯವಿಟ್ಟು ತಿಳಿಸಿ. ಸಾಗಣೆಯ ಪರವಾನಗಿಯನ್ನು ನಿಮ್ಮಲ್ಲಿ ಮಾರುವವರು ಮಾಡಿಸುತ್ತಾರೆಯೇ, ಕೊಳ್ಳುವವರೇ?