ಫೀಲ್ಡಿಗೆ ಹೋದರೆ ಬರೆಯುವ ಕೆಲಸ ನಮಗೇ ಯಾಕೆ?

ಪ್ರಶ್ನೆ: ನಾನು ಚಿತ್ರದುರ್ಗದವಳು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮೊದಲ ವರ್ಷ. ಕ್ಲಾಸಿನಲ್ಲಿ 19 ಹುಡುಗರು, ನಾವಿಬ್ಬರು ಹುಡುಗಿಯರು. ಹೋದ ಸಲ ಫೀಲ್ಡಿನಲ್ಲಿ ಹುಡುಗರು ಗುಡ್ಡ ಹತ್ತಿದರು. ಮೇಷ್ಟ್ರು ನಮಗೆ "ನಿಮ್ಮ ಅಕ್ಷರ ಚೆನ್ನಾಗಿದೆ, ರೀಡಿಂಗ್ ಬರೆದುಕೊಳ್ಳಿ" ಎಂದರು. ಮುಂದಿನ ತಿಂಗಳು ಮತ್ತೆ ಹತ್ತು ದಿನ ಹೋಗಬೇಕು. ಅಪ್ಪ "ಸುಮ್ನೆ ಬಿ.ಎಡ್. ಮಾಡು" ಅಂತಿದ್ದಾರೆ. ಅಕ್ಕಂದಿರೇ, ನೀವೆಲ್ಲ ಏನು ಮಾಡಿದಿರಿ?

ಹಿರಿಯೂರಿನಿಂದ, ಅಂತರ್ಜಲದ ಕೆಲಸದಲ್ಲಿರುವವಳು:
ತಂಗಿ, ನಾನೂ ಎರಡು ವರ್ಷ "ಅಕ್ಷರ ಚೆನ್ನಾಗಿರುವ ಹುಡುಗಿ"ಯೇ ಆಗಿದ್ದೆ. ನಮ್ಮ ಮೇಷ್ಟ್ರು ಕೆಟ್ಟವರಲ್ಲ. ಪಾಪ, ಬಿಸಿಲಿನಿಂದ ನಮ್ಮನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದರು. ಬೇರೆಯವರು ಕೂಗಿ ಹೇಳಿದ ಸ್ಟ್ರೈಕು, ಡಿಪ್ಪು (ಕಲ್ಲಿನ ಪದರ ಯಾವ ದಿಕ್ಕಿಗೆ ಚಾಚಿದೆ, ಎಷ್ಟು ಓರೆಯಾಗಿದೆ ಅನ್ನೋದು) ಎಲ್ಲ ಮುತ್ತಿನಂತೆ ಬರೆದೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅವನ್ನು ಅಳೆಯುವ ಬ್ರಂಟನ್ ಕಂಪಾಸ್ ಕೈಗೆ ಬಂದಾಗ ಗುಳ್ಳೆಯನ್ನು ನಡುವಿಗೆ ತರಲು ಐದು ನಿಮಿಷ ಒದ್ದಾಡಿದೆ. ಅವತ್ತು ಹಾಸ್ಟೆಲಿಗೆ ಬಂದು ಅತ್ತೆ.

ಕೆಲಸಕ್ಕೆ ಸೇರಿದ ಮೇಲೂ ಇದೇ ಕಥೆ. ಬೋರ್‌ವೆಲ್ ಪಾಯಿಂಟ್ ನೋಡಲು ಹೋದರೆ ರೈತರು ಜೀಪಿನೊಳಗೆ ಇಣುಕಿ "ಸಾಹೇಬ್ರು ಬರಲಿಲ್ವೇನಮ್ಮಾ?" ಅಂತಿದ್ದರು. ನಾನೇ ವೈರ್ ಎಳೆದು, ನೆಲಕ್ಕೆ ಸಲಾಕೆ ಹೊಡೆದು, ಮೀಟರಿನ ಮುಂದೆ ಕೂತ ಮೇಲೆ ಸುಮ್ಮನಾಗುತ್ತಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ಹುಡುಕುವವನನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ, ಬಿಡು!

ಜಗಳ ಬೇಡ. ಮೊದಲ ದಿನವೇ "ಸರ್, ಒಂದೊಂದು ಜಾಗಕ್ಕೂ ಬರೆಯುವವರು ಬದಲಾಗಲಿ" ಅಂತ ಕೇಳು. ಗೆಳತಿಯೂ ಜೊತೆಗೆ ಕೇಳಲಿ. ಇದಕ್ಕೆ ಇಲ್ಲ ಎನ್ನುವುದು ಯಾವ ಮೇಷ್ಟ್ರಿಗೂ ಕಷ್ಟ.

ಚಳ್ಳಕೆರೆಯಿಂದ:
ನೀರು ಕುಡಿಯಿರಿ. ನಗಬೇಡಿ. ಶೌಚಾಲಯ ಸಿಗಲ್ಲ ಅಂತ ನಾವು ಹುಡುಗಿಯರು ಬೆಳಗ್ಗೆಯಿಂದ ಬಾಯಿ ಒಣಗಿಸಿಕೊಂಡು ಇರುತ್ತೇವೆ, ಅಲ್ವಾ? ನಮ್ಮ ಕಡೆಯ ಬಿಸಿಲಿಗೆ ನಾನು ಗುಡ್ಡದ ಮೇಲೆ ತಲೆ ತಿರುಗಿ ಬಿದ್ದೆ. "ಹುಡುಗಿಯರ ಕೈಲಿ ಆಗಲ್ಲ" ಎನ್ನಲು ಅಷ್ಟು ಸಾಕಾಯಿತು. ಬಸ್ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ಪ್ಯಾಡ್ ಜಾಸ್ತಿ ಇರಲಿ. ಜಾಲಿ ಮುಳ್ಳು ಚಪ್ಪಲಿಯನ್ನು ತೂರಿಕೊಂಡು ಬರುತ್ತದೆ, ಶೂ ಬೇಕೇ ಬೇಕು.

ಹೊಸದುರ್ಗದಿಂದ, ಗಣಿಯಲ್ಲಿ ಕೆಲಸ ಮಾಡುವವನು:
ಗಂಡಸಾಗಿ ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. "ಗಣಿಯಲ್ಲಿ ಹೆಂಗಸರನ್ನು ತಗೊಳ್ಳಲ್ಲ" ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಹಳೇ ಮಾತು. 1952ರ ಗಣಿ ಕಾಯ್ದೆಯಲ್ಲಿ ನೆಲದಡಿಯ ಕೆಲಸಕ್ಕೂ ರಾತ್ರಿ ಪಾಳಿಗೂ ಹೆಂಗಸರಿಗೆ ತಡೆ ಇತ್ತು. 2019ರಲ್ಲಿ ಅದನ್ನು ಸಡಿಲಿಸಿದರು. ಅವರ ಲಿಖಿತ ಒಪ್ಪಿಗೆ ಇದ್ದರೆ ತೆರೆದ ಗಣಿಯಲ್ಲಿ ರಾತ್ರಿಯೂ, ತಾಂತ್ರಿಕ ಮತ್ತು ಮೇಲ್ವಿಚಾರಣೆ ಕೆಲಸಕ್ಕೆ ಹಗಲು ನೆಲದಡಿಯೂ ಹೋಗಬಹುದು ಎಂದಾಯಿತು. ಪಾಳಿಯಲ್ಲಿ ಕನಿಷ್ಠ ಮೂವರು ಹೆಂಗಸರಿರಬೇಕು ಎಂದು ಆಗ ಷರತ್ತು ಹಾಕಿದ್ದರು. ಆ ಮೂವರನ್ನು ಹೊಂದಿಸುವುದೇ ತಾಪತ್ರಯವಾಗಿತ್ತು.

ದಾವಣಗೆರೆಯಿಂದ, ಪಿಎಚ್.ಡಿ. ಮಾಡುತ್ತಿರುವವಳು:
ಅಪ್ಪನ ವಿಷಯಕ್ಕೆ ಬರೋಣ. ಸುದೀಪ್ತಾ ಸೇನ್‌ಗುಪ್ತಾ ಎಂಬ ಮಹಿಳಾ ಭೂವಿಜ್ಞಾನಿ 1983ರಲ್ಲೇ ಅಂಟಾರ್ಕ್ಟಿಕಾಕ್ಕೆ ಹೊರಟಿದ್ದರು ಎಂದು ನಾನು ನಮ್ಮಪ್ಪನಿಗೆ ಹೆಮ್ಮೆಯಿಂದ ಹೇಳಿದೆ. ಅವರು ಇನ್ನೂ ಹೆದರಿದರು! ಯುಪಿಎಸ್‌ಸಿ ನಡೆಸುವ ಜಿಯೋ ಸೈಂಟಿಸ್ಟ್ ಪರೀಕ್ಷೆ ಇದೆ, ಪಾಸಾದರೆ ಕೇಂದ್ರ ಸರ್ಕಾರದ ಕೆಲಸ ಅಂದಾಗ ಮುಖ ಅರಳಿತು.

ಅಪ್ಪನನ್ನು ಒಂದು ಭಾನುವಾರ ಐಮಂಗಲದ ಹತ್ತಿರದ ಮರಡಿಹಳ್ಳಿಗೆ ಕರೆದುಕೊಂಡು ಹೋಗು. ದಿಂಬು ಪೇರಿಸಿಟ್ಟಂತಿರುವ ಕಲ್ಲು ತೋರಿಸು. ನೀರಿನಡಿ ಉಕ್ಕಿದ ಲಾವಾ ಹೊರಮೈ ತಟ್ಟನೆ ತಣ್ಣಗಾಗಿ ಹಾಗೆ ಉರುಟಾಗಿದ್ದು, ಅಂದರೆ ನಮ್ಮ ಬರಗಾಲದ ಜಿಲ್ಲೆ ಒಂದು ಕಾಲಕ್ಕೆ ನೀರಿನಡಿ ಇತ್ತು ಅಂತ ಹೇಳು. ನಮ್ಮಪ್ಪ ಈಗ ಮನೆಗೆ ಬಂದ ನೆಂಟರಿಗೆಲ್ಲ ಅದನ್ನೇ ಹೇಳುತ್ತಾರೆ.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಬರೆಯುವ ಸರದಿ ಬದಲಿಸಲು ಸರ್ ಒಪ್ಪಿದರು. "ಕಂಪಾಸ್ ಬೀಳಿಸಬೇಡಿ" ಅಂತ ನಮ್ಮಿಬ್ಬರಿಗೆ ಮಾತ್ರ ಹೇಳಿದರು, ಇರಲಿ. ಇರುವುದು ಮೂರು ಬ್ರಂಟನ್, ಒಂದು ಕೆಟ್ಟಿದೆ. ಫೀಲ್ಡಿಗೆ ಹೋಗುವವರೆಗೆ ಮೊಬೈಲ್ ಆ್ಯಪಿನಲ್ಲಿ ಅಳೆಯುವುದನ್ನು ಕಲಿಯಬಹುದಾ?

ಹಿರಿಯೂರಿನ ಅಕ್ಕ:
ಕಲಿ. ಮನೆಯ ಮೆಟ್ಟಿಲು, ಓರೆಯಾದ ಹಲಗೆ, ಏನು ಸಿಕ್ಕರೂ ಅಳೆ. ಸುತ್ತಿಗೆ ದೂರ ಇಟ್ಟು ಅಳೆ, ಕಬ್ಬಿಣಕ್ಕೆ ದಿಕ್ಕು ತಪ್ಪುತ್ತದೆ. ಅದಿರಿನ ಗುಡ್ಡದಲ್ಲಂತೂ ಬ್ರಂಟನ್ ಕೂಡ ಸುಳ್ಳು ಹೇಳುತ್ತದೆ. ಅಲ್ಲಿ ಹುಡುಗರ ರೀಡಿಂಗೂ ನಂಬಬೇಡ.