ಏಟ್ರಿಯಲ್ ಫಿಬ್ರಿಲೇಷನ್, ಅಬ್ಲೇಷನ್ ಆಗಿ 5 ತಿಂಗಳು: ಟರ್ಮ್ ಪಾಲಿಸಿ, ಪ್ರವಾಸ ವಿಮೆಗೆ ಈಗಲೇ ಅರ್ಜಿ ಹಾಕಬಹುದೇ?

ನಾಡಿಮಿಡಿತ

ನಮ್ಮಣ್ಣನಿಗೆ 46 ವರ್ಷ. ಬಂದು ಹೋಗುವ ಬಗೆಯ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ). ಅಬ್ಲೇಷನ್ (ತಪ್ಪು ಬಡಿತಕ್ಕೆ ಕಾರಣವಾಗುವ ಹೃದಯದ ಭಾಗವನ್ನು ಕೆತೀಟರ್ ಮೂಲಕ ನಿಷ್ಕ್ರಿಯ ಮಾಡುವ ಚಿಕಿತ್ಸೆ) ಆಗಿ 5 ತಿಂಗಳಾಯಿತು, ಆಮೇಲೆ ಬಡಿತ ತಪ್ಪಿದ್ದು ಎಲ್ಲೂ ದಾಖಲಾಗಿಲ್ಲ. ಬಿಪಿ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಬಾನ್ ಮಾತ್ರೆ ನಡೆಯುತ್ತಿದೆ. ಬಡಿತ ನಿಧಾನಗೊಳಿಸುವ ಮೆಟೊಪ್ರೊಲಾಲ್ ಮಾತ್ರೆಯನ್ನು ಕಳೆದ ತಿಂಗಳು 50ರಿಂದ 25 ಮಿಲಿಗ್ರಾಂಗೆ ಇಳಿಸಿದ್ದಾರೆ. ಆರನೇ ತಿಂಗಳಿಗೆ ಹೋಲ್ಟರ್ (ಮೈಗೆ ಕಟ್ಟಿಕೊಂಡು ಬಡಿತವನ್ನು ಸತತವಾಗಿ ದಾಖಲಿಸುವ ಪರೀಕ್ಷೆ) ಬರೆದಿದ್ದಾರೆ.

ಬೇಕಿರುವುದು ಎರಡು: 20 ವರ್ಷದ ಟರ್ಮ್ ಪಾಲಿಸಿ (ಆ ಅವಧಿಯಲ್ಲಿ ತೀರಿಕೊಂಡರೆ ಮನೆಯವರಿಗೆ ಹಣ ಸಿಗುವ ಜೀವವಿಮೆ), ಮತ್ತು ಇನ್ನು ಮೂರು ತಿಂಗಳಾದ ಮೇಲೆ ಹೊರದೇಶಕ್ಕೆ ಹೋಗುವುದಕ್ಕೆ ಪ್ರವಾಸ ವಿಮೆ. ಈಗಲೇ ಅರ್ಜಿ ಹಾಕಿದರೆ ಒಳ್ಳೆಯದೋ, ಕಾಯಬೇಕೋ? ಅಬ್ಲೇಷನ್ ಆದಮೇಲೆ "ಕಾಯಿಲೆ ಇಲ್ಲ" ಅಂತ ಬರೆಯಬಹುದೇ?

ಕಂತುಲೆಕ್ಕ

ಕೊನೆಯ ಪ್ರಶ್ನೆ ಮೊದಲು. ಬರೆಯಬಾರದು. ಏಟ್ರಿಯಲ್ ಫಿಬ್ರಿಲೇಷನ್ ಅಬ್ಲೇಷನ್ ಆದಮೇಲೂ ಮರುಕಳಿಸಬಹುದು, ಹಾಗಾಗಿ ವಿಮೆಯವರು ಅದನ್ನು ವಾಸಿಯಾದ ಕಾಯಿಲೆ ಅಂತ ಎಣಿಸುವುದಿಲ್ಲ. ಅರ್ಜಿಯ ಪ್ರಶ್ನೆಯನ್ನು ಅಕ್ಷರ ಅಕ್ಷರ ಓದಿ. "ಕಳೆದ 2 ವರ್ಷದಲ್ಲಿ" ಅಂತ ಕೇಳಿದ್ದರೆ ಅಷ್ಟಕ್ಕೆ ಉತ್ತರ, "ಯಾವತ್ತಾದರೂ" ಅಂತ ಕೇಳಿದ್ದರೆ ಹತ್ತು ವರ್ಷದ ಹಿಂದಿನದೂ ಬರಬೇಕು. ಮುಚ್ಚಿಟ್ಟರೆ ಆಗುವ ನಷ್ಟ ಇವತ್ತು ಕಾಣಿಸುವುದಿಲ್ಲ. ಕ್ಲೇಮ್ ಬಂದ ದಿನ ಹಳೆಯ ಡಿಸ್ಚಾರ್ಜ್ ಸಮ್ಮರಿ ತೆಗೆಸುತ್ತಾರೆ, ಆಗ ಮಾತಾಡಬೇಕಾದವರು ಮನೆಯವರು.

ಟರ್ಮ್ ಪಾಲಿಸಿಗೆ ನನ್ನ ಸಲಹೆ: ಹೋಲ್ಟರ್ ವರದಿ ಕೈಗೆ ಬರುವವರೆಗೆ ಅರ್ಜಿ ಹಾಕಬೇಡಿ. ಪರೀಕ್ಷೆ ಬಾಕಿ ಇದೆ ಅಂದರೆ ಸಾಮಾನ್ಯವಾಗಿ ಸಿಗುವ ಉತ್ತರ "ಮುಂದೂಡಲಾಗಿದೆ". ಅದು ತಿರಸ್ಕಾರವಲ್ಲ, ನಿಜ. ಆದರೆ ಮುಂದಿನ ಕಂಪನಿಯ ಅರ್ಜಿಯಲ್ಲಿ "ನಿಮ್ಮ ಪ್ರಸ್ತಾವವನ್ನು ಯಾರಾದರೂ ನಿರಾಕರಿಸಿದ್ದಾರಾ, ಮುಂದೂಡಿದ್ದಾರಾ, ಹೆಚ್ಚು ಕಂತು ಕೇಳಿದ್ದಾರಾ" ಅನ್ನುವ ಪ್ರಶ್ನೆ ಇರುತ್ತದೆ. ಒಂದೇ ಸಲ ಐದು ಕಂಪನಿಗೆ ಅರ್ಜಿ ಎಸೆಯುವುದು ಇದೇ ಕಾರಣಕ್ಕೆ ಕೆಟ್ಟ ದಾರಿ. ಹೆಸರು ಹೇಳದೆ, ವಯಸ್ಸು, ರೋಗನಿರ್ಣಯ, ವರದಿಗಳ ಸಾರ ಮಾತ್ರ ಕೊಟ್ಟು ಬ್ರೋಕರ್ ಮೂಲಕ ಮೊದಲು ವಿಚಾರಿಸಿ. ಅರ್ಜಿಗೆ ಮುಂಚಿನ ಇಂಥ ವಿಚಾರಣೆ ಎಲ್ಲೂ ನಿರಾಕರಣೆಯಾಗಿ ದಾಖಲಾಗುವುದಿಲ್ಲ.

ಅಂಡರ್‌ರೈಟರ್‌ಗೆ (ಅಪಾಯ ಅಳೆದು ಅರ್ಜಿಯ ತೀರ್ಮಾನ ಮಾಡುವ ವಿಮೆ ಕಂಪನಿಯವರು) ಕಾಯಿಲೆಯ ಹೆಸರಿಗಿಂತ ಅದರ ವಿವರ ಮುಖ್ಯ. ಹೃದಯತಜ್ಞರಿಂದ ಒಂದು ಪುಟದ ಪತ್ರ ಬರೆಸಿ. ಮೊದಲ ಸಲ ಮತ್ತು ಕೊನೆಯ ಸಲ ಬಡಿತ ತಪ್ಪಿದ ದಿನಾಂಕ, ಬಂದು ಹೋಗುವ ಬಗೆಯೋ ನಿಂತುಬಿಡುವ ಬಗೆಯೋ, ಥೈರಾಯ್ಡ್‌ನಂಥ ಕಾರಣ ಹುಡುಕಿದ್ದಾರಾ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಜೆಕ್ಷನ್ ಫ್ರ್ಯಾಕ್ಷನ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪ್ರಮಾಣ, ಎಷ್ಟು, ಎಡ ಹೃತ್ಕರ್ಣದ ಅಳತೆ ಎಷ್ಟು, ಕವಾಟಗಳ ಸ್ಥಿತಿ, ಅಬ್ಲೇಷನ್ ದಿನಾಂಕ, ಪಾರ್ಶ್ವವಾಯು ಆಗಿಲ್ಲ ಅನ್ನುವ ಮಾತು, ಚಾಡ್ಸ್-ವ್ಯಾಸ್ಕ್ ಅಂಕ (ಪಾರ್ಶ್ವವಾಯುವಿನ ಅಪಾಯ ಅಳೆಯುವ ಅಂಕ). ನಿಮ್ಮಣ್ಣನವರಿಗೆ ಬಿಪಿಗೆ 1 ಅಂಕ. ಬೇರೇನೂ ಇಲ್ಲದಿದ್ದರೆ ಒಟ್ಟೂ 1. "ರೋಗಿ ಆರೋಗ್ಯವಾಗಿದ್ದಾರೆ" ಅಂತಷ್ಟೇ ಬರೆದ ಪತ್ರದಿಂದ ಉಪಯೋಗವಿಲ್ಲ. ಅಂಕಿ ಇಲ್ಲದ ಜಾಗವನ್ನು ಅವರು ಕೆಟ್ಟದ್ದೇ ಇರಬೇಕು ಅಂತ ತುಂಬಿಕೊಳ್ಳುತ್ತಾರೆ.

ಒಪ್ಪಿದರೂ ಲೋಡಿಂಗ್ ಹಾಕಬಹುದು. ಲೋಡಿಂಗ್ 50% ಅಂದರೆ 100 ಇರಬೇಕಾದ ಕಂತು ಸುಮಾರು 150 ಆಗುತ್ತದೆ. ಅದು ಶಾಶ್ವತ ಅಂದುಕೊಳ್ಳಬೇಡಿ. ಒಂದೆರಡು ವರ್ಷ ಬಡಿತ ತಪ್ಪದೇ ಇದ್ದರೆ ಮರುಪರಿಶೀಲನೆ ಕೇಳಿ. ಕೇಳದೆ ತಾವಾಗಿ ಯಾರೂ ಇಳಿಸುವುದಿಲ್ಲ. ಗಂಭೀರ ಕಾಯಿಲೆಯ ರೈಡರ್ (ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ರಕ್ಷಣೆ) ಬೇರೆಯೇ ಲೆಕ್ಕ. ಅದರಲ್ಲಿ ಪಾರ್ಶ್ವವಾಯುವೂ ಸೇರಿರುತ್ತದೆ, ಈ ಕಾಯಿಲೆಯ ದೊಡ್ಡ ಅಪಾಯವೂ ಅದೇ. ಹಾಗಾಗಿ ಜೀವವಿಮೆ ಕೊಟ್ಟವರೇ ರೈಡರ್ ನಿರಾಕರಿಸುವುದುಂಟು.

ಇನ್ನೊಂದು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ: ಅರ್ಜಿ ಚೆನ್ನಾಗಿ ಕಾಣಲಿ ಅಂತ ಅಪಿಕ್ಸಬಾನ್ ನಿಲ್ಲಿಸಬೇಡಿ. ಅದನ್ನು ನಿಲ್ಲಿಸುವುದು ಮುಂದುವರಿಸುವುದು ವೈದ್ಯರ ತೀರ್ಮಾನ. ಅಂಕ ಹೆಚ್ಚಿದ್ದೂ ಮಾತ್ರೆ ತೆಗೆದುಕೊಳ್ಳದವರನ್ನೇ ಅಂಡರ್‌ರೈಟರ್ ಹೆಚ್ಚು ಅಪಾಯದವರು ಅಂತ ನೋಡುತ್ತಾರೆ.

ಗಡಿದಾಟು

ಪ್ರವಾಸ ವಿಮೆಯ ತರ್ಕವೇ ಬೇರೆ. ಅಲ್ಲಿ 20 ವರ್ಷದ ಆಯಸ್ಸಿನ ಮಾತಿಲ್ಲ, ಪ್ರವಾಸದ ದಿನಗಳಲ್ಲಿ ಆಸ್ಪತ್ರೆಗೆ ಸೇರಬೇಕಾಗುತ್ತದಾ ಅನ್ನುವುದಷ್ಟೇ. ಹಾಗಾಗಿ "ಸ್ಥಿರತೆಯ ಅವಧಿ" ಅನ್ನುವ ಷರತ್ತು ಎಲ್ಲಿದೆ ಅಂತ ಮೊದಲು ಹುಡುಕಿ. 90 ದಿನ, 180 ದಿನ, ಹೀಗೆ ಪಾಲಿಸಿಗೊಂದು ಥರ. ಆ ಅವಧಿಯಲ್ಲಿ ಹೊಸ ಲಕ್ಷಣ, ಹೊಸ ಔಷಧ, ಡೋಸ್ ಬದಲಾವಣೆ, ಆಸ್ಪತ್ರೆ ವಾಸ, ಫಲಿತಾಂಶ ಬಾರದ ಪರೀಕ್ಷೆ ಇದ್ದರೆ ಆ ಕಾಯಿಲೆ ಸ್ಥಿರವಲ್ಲ, ಅದರ ಖರ್ಚು ಸಿಗುವುದಿಲ್ಲ.

ಬಿಪಿಯನ್ನೂ ಬೇರೆಯಾಗಿ ಘೋಷಿಸಬೇಕು. "ಹೃದಯದ್ದು ಹೇಳಿದೆನಲ್ಲ, ಬಿಪಿ ಅದರಲ್ಲೇ ಬಂತು" ಅಂತ ಬಿಡುವುದು ಪದೇ ಪದೇ ಆಗುವ ತಪ್ಪು.

ನಾಡಿಮಿಡಿತ

ಇಬ್ಬರಿಗೂ ಧನ್ಯವಾದ. ಒಂದು ಅನುಮಾನ. ಡೋಸ್ ಹೆಚ್ಚಿಸಿಲ್ಲ, ಇಳಿಸಿದ್ದಾರೆ. ಅದು ಸುಧಾರಣೆಯಲ್ಲವೇ? ಅದೂ ಬದಲಾವಣೆ ಆಗುತ್ತದಾ?

ಗಡಿದಾಟು

ಬಹಳಷ್ಟು ಪಾಲಿಸಿಗಳಲ್ಲಿ ಆಗುತ್ತದೆ. ಏರಿಸಿದರೂ ಇಳಿಸಿದರೂ ನಿಲ್ಲಿಸಿದರೂ ಬದಲಾವಣೆಯೇ. ಇಳಿಸಿದ ಮೇಲೆ ಬಡಿತ ಹೇಗೆ ನಡೆಯುತ್ತದೆ ಅಂತ ಇನ್ನೂ ಗೊತ್ತಿಲ್ಲವಲ್ಲ, ಅವರ ವಾದ ಅದು. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆ) ತೆಗೆದುಕೊಳ್ಳುವವರಿಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ) ನೋಡಿಕೊಂಡು ಮಾಡುವ ಸಣ್ಣ ಹೊಂದಾಣಿಕೆಗೆ ಕೆಲವು ಪಾಲಿಸಿ ರಿಯಾಯಿತಿ ಕೊಡುತ್ತವೆ. ಮೆಟೊಪ್ರೊಲಾಲ್‌ಗೆ ಅದನ್ನು ನೆಚ್ಚಿಕೊಳ್ಳಬೇಡಿ.

ದಿನ ಎಲ್ಲಿಂದ ಎಲ್ಲಿಗೆ ಎಣಿಸುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮಾರ್ಚ್ 1ಕ್ಕೆ ಡೋಸ್ ಬದಲಾಯಿತು, ಮೇ 1ಕ್ಕೆ ಪಾಲಿಸಿ ಕೊಂಡಿರಿ, ಜೂನ್ 10ಕ್ಕೆ ಹೊರಟಿರಿ ಅಂತಿಟ್ಟುಕೊಳ್ಳಿ. ಷರತ್ತು 90 ದಿನ. ಹೊರಡುವ ದಿನಕ್ಕೆ ಎಣಿಸುವ ಪಾಲಿಸಿಯಾದರೆ 101 ದಿನ, ಪಾಸಾದಿರಿ. ಕೊಂಡ ದಿನಕ್ಕೆ ಎಣಿಸುವ ಪಾಲಿಸಿಯಾದರೆ 61 ದಿನ, ಹೋಯಿತು. ಅದೇ ಮನುಷ್ಯ, ಅದೇ ಮಾತ್ರೆ. ಆದ್ದರಿಂದ ಹೋಲ್ಟರನ್ನೂ ಡೋಸ್ ಬದಲಾವಣೆಯನ್ನೂ ಪ್ರವಾಸಕ್ಕೆ ಸಾಕಷ್ಟು ಮುಂಚೆ ಮುಗಿಸಲು ಆಗುತ್ತದಾ ಅಂತ ವೈದ್ಯರನ್ನು ಕೇಳಿ. ಆಗದಿದ್ದರೆ ಪ್ರವಾಸವನ್ನೇ ಸ್ವಲ್ಪ ಮುಂದಕ್ಕೆ ಹಾಕಿ.

ಪಾಲಿಸಿ ಕೊಂಡ ಮೇಲೆ, ಹೊರಡುವ ಮೊದಲು ಏನಾದರೂ ಬದಲಾದರೆ ತಿಳಿಸಬೇಕೆಂದು ಎಷ್ಟೋ ಪಾಲಿಸಿಗಳು ಹೇಳುತ್ತವೆ. ಫೋನ್‌ನಲ್ಲಿ ಹೇಳಿದರೆ ಸಾಲದು, ಇಮೇಲ್ ಮಾಡಿ ಉತ್ತರ ಇಟ್ಟುಕೊಳ್ಳಿ. ವರ್ಷಪೂರ್ತಿಯ ಪಾಲಿಸಿ ಇರುವವರು ಪ್ರತಿ ಪ್ರವಾಸಕ್ಕೂ ಇದನ್ನು ಹೊಸದಾಗಿ ನೋಡಿಕೊಳ್ಳಬೇಕು.

ಎಕೋಕೋಣೆ

ವಿಮೆಯ ವೈದ್ಯಕೀಯ ತಪಾಸಣೆಯ ದಿನದ ಬಗ್ಗೆ ಎರಡು ಮಾತು. ಆ ಬೆಳಗ್ಗೆ ಮಾತ್ರೆ ತಪ್ಪಿಸಬೇಡಿ. ತಪಾಸಣೆಯ ವೇಳೆ ಬಡಿತ ತಾಳ ತಪ್ಪಿದ್ದರೆ ಆಟೊಮ್ಯಾಟಿಕ್ ಬಿಪಿ ಯಂತ್ರದ ಅಂಕಿಯನ್ನು ಅಷ್ಟಾಗಿ ನಂಬುವಂತಿಲ್ಲ, ಬಡಿತದಿಂದ ಬಡಿತಕ್ಕೆ ಒತ್ತಡ ಬದಲಾಗುತ್ತದೆ. ಮೂರು ಸಲ ಅಳೆದು ಸರಾಸರಿ ಬರೆಯಿರಿ ಅಂತ ಕೇಳಿ. ಕೇಳುವುದು ತಪ್ಪಲ್ಲ.

ಹಳೆಯ ಫೈಲನ್ನೂ ಒಮ್ಮೆ ತರಿಸಿ ಓದಿ. ಯಾವುದೋ ಚೀಟಿಯಲ್ಲಿ ಪಾರ್ಶ್ವವಾಯು ಅಂತ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆಮೇಲೆ ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂತ ಬಂದಿದ್ದರೂ ಆ ಚಿಹ್ನೆ ಫೈಲಿನಲ್ಲೇ ಉಳಿದಿರುತ್ತದೆ. ಅರ್ಜಿಗೆ ಮುಂಚೆ ಬರಹದಲ್ಲಿ ಸ್ಪಷ್ಟೀಕರಣ ಮಾಡಿಸಿಕೊಳ್ಳಿ.

ತಂತಿ_ಬ್ಯಾಟರಿ

ಪೇಸ್‌ಮೇಕರ್, ಐಸಿಡಿ (ಅಪಾಯದ ಬಡಿತ ಬಂದರೆ ಶಾಕ್ ಕೊಟ್ಟು ಸರಿಪಡಿಸುವ, ಎದೆಯೊಳಗೆ ಇಡುವ ಸಾಧನ) ಇರುವವರಿಗೂ ಇದೇ ಲೆಕ್ಕವೇ?

ಕಂತುಲೆಕ್ಕ

ಪೇಸ್‌ಮೇಕರ್‌ಗೆ, ಅದನ್ನು ಯಾಕೆ ಹಾಕಿದರು ಅನ್ನುವುದೇ ಮುಖ್ಯ. ವಿದ್ಯುತ್ ಸಂಕೇತ ನಿಧಾನವಾಯಿತು, ಹೃದಯದ ಸ್ನಾಯು ಚೆನ್ನಾಗಿದೆ ಅಂದರೆ ಜೀವವಿಮೆ ಸಿಗುವ ಸಾಧ್ಯತೆ ಇದೆ. ಇತ್ತೀಚಿನ ಸಾಧನ ತಪಾಸಣೆಯ ವರದಿ ಜೊತೆಗಿಡಿ. ಐಸಿಡಿ ಹಾಕುವುದೇ ಜೀವಕ್ಕೆ ಎರವಾಗುವ ಬಡಿತದ ಭಯಕ್ಕೆ, ಆದ್ದರಿಂದ ಖಾಸಗಿ ಟರ್ಮ್ ಪಾಲಿಸಿ ಕಷ್ಟ. ಅಂಥವರು ಕೆಲಸದ ಕಡೆಯಿಂದ ಬರುವ ಗುಂಪು ವಿಮೆಯನ್ನು ಬಿಡಬೇಡಿ. ಒಂದು ಮಿತಿಯ ಮೊತ್ತದವರೆಗೆ ಅಲ್ಲಿ ವೈದ್ಯಕೀಯ ಪ್ರಶ್ನೆಯೇ ಇಲ್ಲದಿರುವುದುಂಟು.

ಗಡಿದಾಟು

ಪ್ರವಾಸಕ್ಕೆ ಸಾಧನದ ಗುರುತಿನ ಕಾರ್ಡ್, ಕೊನೆಯ ಇಸಿಜಿಯ ಪ್ರತಿ, ಬ್ರಾಂಡ್ ಹೆಸರಲ್ಲದೆ ಔಷಧದ ಮೂಲ ಹೆಸರು ಮತ್ತು ಡೋಸ್ ಬರೆದ ಚೀಟಿ, ಎಲ್ಲ ಮಾತ್ರೆ, ಇಷ್ಟೂ ಕೈಚೀಲದಲ್ಲೇ ಇರಲಿ. ಪಾಲಿಸಿಯ 24 ಗಂಟೆಯ ಸಹಾಯವಾಣಿ ಸಂಖ್ಯೆಯನ್ನು ಜೊತೆಗಿರುವವರ ಫೋನ್‌ನಲ್ಲೂ ಹಾಕಿಡಿ. ತುರ್ತಿದ್ದರೆ ಮೊದಲು ಆಸ್ಪತ್ರೆ, ಅದರಲ್ಲಿ ಎರಡನೇ ಮಾತಿಲ್ಲ. ಆದರೆ ದಾಖಲಾದ ಕೂಡಲೇ ಜೊತೆಗಿರುವವರು ಆ ಸಂಖ್ಯೆಗೆ ಕರೆ ಮಾಡಿ, ಕೇಸ್ ನಂಬರ್ ಬರೆದುಕೊಳ್ಳಲಿ.