ರೋಬಾಟ್‌ಗೆ ಎರಡು ಗೇರ್ ಇಡಾಕತ್ತೀವಿ, ಓಡುವಾಗ ಶಿಫ್ಟ್ ಆಗವಲ್ದು

ಕೊಪ್ಪಳ_ಮೆಕ್ಯಾನಿಕಲ್:
ಕಾಲೇಜ್ ಪ್ರಾಜೆಕ್ಟಿಗೆ 20 ಕೆಜಿ ರೋಬಾಟ್ ರೀ, ಎಡಕ್ಕೊಂದು ಬಲಕ್ಕೊಂದು ಮೋಟರ್, 100 ಎಂಎಂ ಗಾಲಿ ನಾಕು, ನಾಕಕ್ಕೂ ಡ್ರೈವ್ ಐತಿ. ತಳ್ಳಾಕ ಜೋರ್ ಬೇಕು, ಖಾಲಿ ಓಡುವಾಗ ಸ್ಪೀಡ್ ಬೇಕು. ಗೇರನ್ನ ಶಾಫ್ಟ್ ಮ್ಯಾಲೆ ಸರಿಸಿ ಇನ್ನೊಂದಕ್ಕ ಕೂಡಿಸಾಕ ಹೋದ್ರ ಹಲ್ಲು ಕರ್ರ್ ಅಂತಾವ, ಗೇರ್ ಸರಿಸೋ ಸಣ್ಣ ಮೋಟರ್ (ಸರ್ವೋ) ಗುಂಯ್ ಅಂತ ಅಲ್ಲೇ ನಿಂತು ಬಿಸಿ ಆಗ್ತೈತಿ. ಹೆಂಗ್ ಮಾಡ್ಬೇಕ್ರಿ?

ಗಂಗಾವತಿ_ಲೇಥ್:
ತಮ್ಮಾ, ಹಲ್ಲಿಗೆ ಹಲ್ಲು ಕೂಡಿಸೋ ಉಸಾಬರಿ ಬ್ಯಾಡ. ಹಳೇ ಬೈಕಿನ ಗೇರ್‌ಬಾಕ್ಸ್ ಒಂದು ಬಿಚ್ಚಿ ನೋಡು, ಹಲ್ಲು ಯಾವಾಗ್ಲೂ ಕೂಡೇ ಇರ್ತಾವ, ಹಿಡಿಯೋದು ಬಿಡೋದು ಪಕ್ಕದಾಗಿನ ಡಾಗ್, ಅಂದ್ರ ಗೇರನ್ನ ಶಾಫ್ಟಿಗೆ ಕಚ್ಚಿ ಹಿಡಿಯೋ ದಪ್ಪ ಹಲ್ಲಿನ ತುಂಡು. ನೀನೂ ಔಟ್‌ಪುಟ್ ಶಾಫ್ಟ್ ಮ್ಯಾಲೆ ಎರಡು ಗೇರಿಗೂ ಬುಷ್ ಹಾಕಿ ಫ್ರೀ ತಿರುಗಾಕ ಬಿಡು, ನಡುವ ಡಾಗ್ ಕೂಡಿಸು, ಅದು ಹೆಕ್ಸ್ (ಆರು ಮೂಲಿ) ಶಾಫ್ಟ್ ಮ್ಯಾಲೆ ಇದ್ರ ಶಾಫ್ಟ್ ಜೋಡಿನೇ ತಿರುಗ್ತೈತಿ, ಆ ಕಡೆ ಈ ಕಡೆ ಸರಿಯಾಕೂ ಬರ್ತೈತಿ. ಹಲ್ಲು 20ಕ್ಕ 60, 32ಕ್ಕ 48 ಇಡು. ಎರಡರ ಮೊತ್ತನೂ 80, ಮಾಡ್ಯೂಲ್ (ಹಲ್ಲಿನ ಗಾತ್ರದ ಅಳತಿ) 1 ಆದ್ರ ಸೆಂಟರ್ ದೂರ ಎರಡಕ್ಕೂ 40 ಎಂಎಂ ಬರ್ತೈತಿ. ಒಂದು 3:1, ಇನ್ನೊಂದು 1.5:1.

ರಾಯಚೂರು_ರೋಬೋ:
ಅಣ್ಣಾರು ಹೇಳಿದ್ದು ಖರೇ ಅದ. ಆದ್ರ ಸರ್ವೋನ ಡಾಗ್ ಸರಿಸೋ ಫೋರ್ಕಿಗೆ ಸೀದಾ ಕಟ್ಟಬ್ಯಾಡ್ರಿ, ನಡುವ ಸ್ಪ್ರಿಂಗ್ ಹಾಕ್ರಿ. ಡಾಗಿನ ಮೂತಿ ಮೂತಿಗೆ ಬಡಿದು ನಿಂತ್ರೂ ಸರ್ವೋ ತನ್ನ ಜಾಗಕ್ಕ ಹೋಗಿರ್ತದ, ಗಾಲಿ ಒಂಚೂರು ತಿರುಗಿದ ಕೂಡ್ಲೇ ಸ್ಪ್ರಿಂಗ್ ಅದನ್ನ ಟಕ್ ಅಂತ ಒಳಗ ತಳ್ತದ. ಇನ್ನೊಂದು, ಬಿಡಿಸುವಾಗ ಮೋಟರ್ ಪವರ್ ಒಂದು ಕ್ಷಣ ಕಟ್ ಮಾಡ್ರಿ, ಲೋಡ್ ಇದ್ರ ಡಾಗ್ ಬಿಗಿದು ಕುಂತಿರ್ತದ, ಹೊರಗ ಬರಂಗೇ ಇಲ್ಲ.

ಬಳ್ಳಾರಿ_ವೋಲ್ಟ್:
ಎಲ್ಲಾ ಸರಿ, ಮೊದ್ಲು ಲೆಕ್ಕ ಹಾಕಿದೀರಾ? ನೆಲದ ಹಿಡಿತ 0.8 ಅಂತ ಹಿಡಿದ್ರೆ 20 ಕೆಜಿಗೆ ಸುಮಾರು 157 ನ್ಯೂಟನ್, ಅದಕ್ಕಿಂತ ಜಾಸ್ತಿ ತಳ್ಳೋಕೆ ಹೋದ್ರೆ ಗಾಲಿನೇ ಜಾರುತ್ತೆ. ಗಾಲಿ ತ್ರಿಜ್ಯ 50 ಎಂಎಂ, ಅಂದ್ರೆ ಒಂದೊಂದು ಕಡೆ ಗಾಲಿಗೆ 3.9 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸೋ ಬಲ) ಸಾಕು. ಮೋಟರ್ ಲೋಡಿಗೆ ತಿರುಗದೇ ನಿಲ್ಲೋಕೆ (ಸ್ಟಾಲ್ ಆಗೋಕೆ) ಮುಂಚೆನೇ ಗಾಲಿ ಜಾರೋ ಹಂಗೆ ಲೋ ಗೇರ್ ಇಡಿ, ಇಲ್ಲಾಂದ್ರೆ ಮೋಟರ್ ಸುಡುತ್ತೆ. ಒಂದೇ ಗೇರಲ್ಲಿ ಇಷ್ಟು ಟಾರ್ಕೂ ಸಿಕ್ಕಿ ಸ್ಪೀಡೂ ಸಾಲುತ್ತೆ ಅಂದ್ರೆ ಇಷ್ಟೆಲ್ಲಾ ಒದ್ದಾಟ ಯಾಕೆ, ಆ ತೂಕ ಬ್ಯಾಟರಿಗೆ ಕೊಡಿ.

ಕೊಪ್ಪಳ_ಮೆಕ್ಯಾನಿಕಲ್:
ಸ್ಪೀಡ್ ಸಾಲಂಗಿಲ್ರಿ, ಎರಡು ಗೇರ್ ಬೇಕಾ ಬೇಕು. ಅಣ್ಣಾ, ಡಾಗ್ ಅಲ್ಯೂಮಿನಿಯಂದಾಗ ಮಾಡಿದ್ರ ನಡೀತೈತೇನು?

ಗಂಗಾವತಿ_ಲೇಥ್:
ನಡಿಯಂಗಿಲ್ಲ. ಮೂಲಿ ಸವೆದು ದುಂಡಗಾಗಿ ಲೋಡ್ ಬಿದ್ದಾಗೆಲ್ಲ ಹೊರಗ ಜಾರ್ತೈತಿ. ಇಎನ್8 ಉಕ್ಕು ತಗೊಂಡು ಹಾರ್ಡ್ ಮಾಡಿಸು, ನಾಕು ಹಲ್ಲು ಸಾಕು, ಹಲ್ಲಿನ ಬದಿ ಬುಡದ ಕಡೆ ಎರಡ್ಮೂರು ಡಿಗ್ರಿ ಒಳಗ ತಗಸು, ಲೋಡ್ ಬಿದ್ದಷ್ಟೂ ಒಳಗ ಎಳ್ಕೊಂತೈತಿ. ಡ್ರಾಯಿಂಗ್ ಇದ್ರ ಹಾಕು, ನೋಡೂನು.